ನಾಯಿ ನೆಕ್ಕದ ರಕ್ತ

ಅಂಗಳದಲ್ಲಿ ಕಾರು ನಿಲ್ಲುವಲ್ಲಿ ಬಿದ್ದಿದ್ದ ಆ ಕೆಂಪು ಹನಿಗಳನ್ನು ಮನೆಯವರೆಲ್ಲ ಒಂದು ವಾರ ಕುರಿಯ ರಕ್ತವೆಂದೇ ನಂಬಿದ್ದರು. ನಂಬದೆ ಇನ್ನೇನು ಮಾಡುತ್ತಾರೆ? ಹಿಂದಿನ ವಾರ ತಾನೇ ಅದೇ ಕಾರಿನ ಡಿಕ್ಕಿಯಲ್ಲಿ ಎರಡು ಕುರಿಯ ಮಾಂಸ ತುಂಬಿಕೊಂಡು ನೆಂಟರ ಮದುವೆಗೆ ಹೋಗಿಬಂದಿದ್ದರು. ಅತ್ತೆ ಬುರುಲ್ ಸೊಸೆ ಜಿಪಾರಳಿಂದ ಡಿಕ್ಕಿಯನ್ನು ಎರಡು ಸಲ ಬಿಸಿನೀರಿನಲ್ಲಿ ತೊಳೆಸಿದ್ದಳು, ಸರಿಯಾಗಿ ಉಜ್ಜಿಲ್ಲವೆಂದು ಮೂರನೆಯ ಸಲ ಬೈದಿದ್ದಳು. ಅನುಮಾನ ಬಂದದ್ದು ಮಾವನೊಬ್ಬನಿಗೆ, ಅದೂ ನಾಯಿಯ ದೆಸೆಯಿಂದ.

“ನಾಲ್ಕು ದಿನದಿಂದ ನೋಡ್ತಿದೀನಿ. ಮೂಸ್ತದೆ, ಮುಖ ತಿರುಗಿಸ್ಕೊಂಡು ಹೋಗ್ತದೆ,” ಎಂದ ಅವನು, ಯಾರನ್ನೂ ನೋಡದೆ. “ನಮ್ಮ ನಾಯಿ ನೆಕ್ಕದೇ ಬಿಟ್ಟ ರಕ್ತ ರಕ್ತವೇ ಅಲ್ಲ.”

ಜಿಪಾರ್ ಕುಕ್ಕರಗಾಲಿನಲ್ಲಿ ಕೂತು ಒಂದು ಹನಿಯನ್ನು ಎರಡು ಬೆರಳಲ್ಲಿ ಉಜ್ಜಿ ಮೂಸಿದಳು. ಆ ವಾಸನೆಯಲ್ಲೇ ಹುಟ್ಟಿ ಬೆಳೆದವಳು ಅವಳು. ಅದು ಆಟೋಮ್ಯಾಟಿಕ್ ಗಾಡಿಯ ಗೇರ್ ಎಣ್ಣೆ. ಜಪಾನಿನಲ್ಲಿ ಹಳತಾಗಿ, ಸಮುದ್ರ ದಾಟಿ, ನಾರಿನ್ ಎಂಬ ಬೆಟ್ಟಸೀಮೆಯ ಈ ಹಳ್ಳಿಗೆ ಬಂದು ಬಿದ್ದಿದ್ದ ಆ ಬಲಗೈ ಸ್ಟಿಯರಿಂಗಿನ ಕಾರಿಗೆ ಅದೇ ಪ್ರಾಣ.

ಅಂದು ಬುಧವಾರ. ಶನಿವಾರ ಅವಳು ತವರಿಗೆ ಹೋಗಬೇಕಿತ್ತು. ಮದುವೆಯಾಗಿ ಹದಿನಾಲ್ಕು ತಿಂಗಳಾದ ಮೇಲೆ ಮೊದಲ ಸಲ. ಅತ್ತೆ ಮಾವ ತಾವೇ ಕರೆದುಕೊಂಡು ಹೋಗಿ ಹೊಸಿಲು ದಾಟಿಸುವವರೆಗೆ ಸೊಸೆಯಾದವಳು ತವರಿಗೆ ಕಾಲಿಡುವಂತಿಲ್ಲ. ಯಾರು ಮಾಡಿದ ನಿಯಮವೋ, ಅವನಿಗೆ ಹೆಣ್ಣುಮಕ್ಕಳಿರಲಿಲ್ಲವೆಂದು ಕಾಣುತ್ತದೆ. ಈ ಭೇಟಿಯನ್ನು ಒಮ್ಮೆ ಹುಲ್ಲು ಕೊಯ್ಲಿಗೆಂದು, ಒಮ್ಮೆ ಸಾವಿನ ಮನೆಗೆಂದು, ಒಮ್ಮೆ ಸುಮ್ಮನೆ ಮುಂದೂಡಿದ್ದರು. ಅಷ್ಟರಲ್ಲಿ, ಕಳೆದ ವಸಂತದಲ್ಲಿ, ಬಾಲಿಕ್ಚಿ ಊರಿನಲ್ಲಿದ್ದ ಅವಳಪ್ಪ ಓರೊಜನಿಗೆ ಲಕ್ವಾ ಹೊಡೆದು ಬಲಗೈಯೂ ನಾಲಿಗೆಯೂ ಹೋದವು. ಮೂವತ್ತು ವರ್ಷ ಗಾಡಿ ರಿಪೇರಿ ಮಾಡಿದ ಕೈ. ಅಮ್ಮ ಫೋನನ್ನು ಅಪ್ಪನ ಕಿವಿಗೆ ಹಿಡಿದರೆ ಜಿಪಾರಳಿಗೆ ಅವನ ಉಸಿರು ಮಾತ್ರ ಕೇಳಿಸುತ್ತಿತ್ತು.

“ಗಾಡಿ ಕೆಟ್ಟಿದ್ರೆ ವಸಂತಕ್ಕೆ ನೋಡಿದ್ರಾಯ್ತು ಬಿಡು,” ಎಂದಳು ಬುರುಲ್. “ಮನೆಮಂದಿ ಗಂಟುಮೂಟೆ ಕಟ್ಕೊಂಡು ಬಾಡಿಗೆ ಗಾಡೀಲಿ ಹೋದ್ರೆ ಬೀಗರ ಮುಂದೆ ನಮ್ಮ ಮಾನ ಏನಾಗ್ಬೇಕು?”

ವಸಂತದವರೆಗೆ ಅಪ್ಪ ಇರುತ್ತಾನೆಂದು ಬರೆದುಕೊಟ್ಟವರಾರು? ಆದರೆ ಎಣ್ಣೆ ಸೋರುವ ಗೇರ್‌ಬಾಕ್ಸಿನಲ್ಲಿ ಎರಡು ಘಾಟಿ ಹತ್ತಿದರೆ ಒಳಗಿನ ಬಿಲ್ಲೆಗಳೆಲ್ಲ ಸುಟ್ಟು, ಗಾಡಿ ಘಾಟಿಯ ನಡುವೆ ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ ಎಂದು ನಿಲ್ಲುತ್ತದೆ. ಅದು ಜಿಪಾರಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗಂಡ ಮೆದೆರ್ ಮಂದೆಯ ಜೊತೆ ಚಳಿಗಾಲದ ದೊಡ್ಡಿಯಲ್ಲಿದ್ದ. ಸಿಕ್ಕವನು ಪಕ್ಕದ ಮನೆಯ ಶಾರ್ಶೆನ್, ಕೇಳದವರಿಗೂ ಬುದ್ಧಿ ಹೇಳುವ ಪುಣ್ಯಾತ್ಮ.

“ತಳದ ಎಣ್ಣೆ ತಟ್ಟೆಯ ಪ್ಯಾಕಿಂಗು ಹೋಗಿದೆ,” ಎಂದ ಅವನು, ಬಗ್ಗಿ ಕೂಡ ನೋಡದೆ. “ಬಿಟ್ಟು ಹೋಗು, ಹತ್ತು ದಿನದಲ್ಲಿ ಬಿಚ್ಚಿ ಕೊಡ್ತೀನಿ.”

ಜಿಪಾರ್ ಅಪ್ಪ ಮಾಡುತ್ತಿದ್ದುದನ್ನೇ ಮಾಡಿದಳು. ಓರೊಜನ ಅಂಗಳಕ್ಕೆ ಯಾವ ಗಾಡಿ ಬಂದರೂ ಮೊದಲು ಅದರಡಿ ಒಂದು ರಟ್ಟು ತಳ್ಳುತ್ತಿದ್ದ, ಆಮೇಲೆ ಸಲಾಂ, ಆಮೇಲೆ ಚಹಾ. ಅವಳೂ ರಟ್ಟು ತಳ್ಳಿದಳು. ಗುರುವಾರ ಬೆಳಗ್ಗೆ ಎಳೆದು ನೋಡಿದರೆ ಒಂದು ಹನಿಯಿಲ್ಲ. ಪ್ಯಾಕಿಂಗು ಹೋಗಿದ್ದರೆ ನಿಂತಲ್ಲೇ ಸೋರಬೇಕಿತ್ತು. ಇದು ಓಡುವಾಗ ಮಾತ್ರ ಸೋರುವ ಕಾಯಿಲೆ. ತೂರಿ ನೋಡಿದರೆ ತಳವೆಲ್ಲ ಕೆಂಪು. ಗಾಳಿ ಎಣ್ಣೆಯನ್ನು ಹಿಂದಿನ ಚಕ್ರದವರೆಗೂ ಬಳಿದಿತ್ತು. ಗಾಡಿ ಓಡಿ ಬಂದು ನಿಂತಾಗ ಅಂಗಳಕ್ಕೆ ತೊಟ್ಟಿಕ್ಕಿದ್ದು ಅದೇ. ಸೀಮೆಎಣ್ಣೆ ಹಾಕಿ ಎಲ್ಲವನ್ನೂ ಒರೆಸಿದಳು. ಒರೆಸಿದ ತಳಕ್ಕೆ ಬಿಳಿ ಪುಡಿ ಹಚ್ಚಿ ಓಡಿಸಿದರೆ ಕೆಂಪು ಗೆರೆ ಎಲ್ಲಿಂದ ಇಳಿಯಿತೆಂದು ತಿಳಿಯುತ್ತದೆ, ಅದೂ ಅಪ್ಪನದೇ ಉಪಾಯ. ಮನೆಯಲ್ಲಿದ್ದ ಬಿಳಿ ಪುಡಿ ಒಂದೇ.

“ಹಿಟ್ಟು!” ಬುರುಲ್ ಬಟ್ಟಲನ್ನು ಕಸಿದುಕೊಂಡಳು. “ಅನ್ನವನ್ನ ಗಾಡಿ ಅಂಡಿಗೆ ಬಳಿಯೋಕೆ ಹೊರಟ್ಯಲ್ಲೇ! ನಿಮ್ಮ ಕಡೆ ಇದನ್ನೇ ಕಲಿಸಿದ್ರಾ?”

ಜಿಪಾರಳಿಗೆ ನಾಚಿಕೆಯಾಯಿತು. ಗಾಬರಿಯಲ್ಲಿ ಮೈಮರೆತಿದ್ದಳು. ಮೇಜಿನ ಮೇಲಿದ್ದ ರೊಟ್ಟಿಯ ತುಂಡನ್ನೆತ್ತಿ, ನೆಲಕ್ಕೆ ಬಿದ್ದ ರೊಟ್ಟಿಗೆ ಮಾಡುವಂತೆ ಹಣೆಗೆ ಮುಟ್ಟಿಸಿಕೊಂಡು ತಪ್ಪಾಯಿತೆಂದಳು. ಕಣ್ಣಲ್ಲಿ ನೀರು ತುಂಬಿತ್ತು.

ಬಾಗಿಲ ಬಳಿ ಬೂಟು ಹಾಕಿಕೊಳ್ಳುತ್ತಿದ್ದ ಮಾವ ಕೆಮ್ಮಿದ. “ಬಿಳೀದನ್ನ ಮೇಲಕ್ಕೆ ಯಾಕೆ ಬಳೀಬೇಕು? ದೇವರು ರಾತ್ರಿಯೆಲ್ಲ ಕೂತು ನೆಲದ ಮೇಲೆ ಸುರಿದಿದಾನಲ್ಲ. ಅದರ ಮೇಲೆ ಓಡಿಸು.”

ಹೊರಗೆ ಎರಡು ಬೆರಳಿನಷ್ಟು ಹೊಸ ಹಿಮ ಬಿದ್ದಿತ್ತು.

ಮಾವನ ಹೆಸರು ಇಸಾಕುನ್. ನಾನು ಹೇಳಬಹುದು, ಸೊಸೆಯಾದ ಜಿಪಾರ್ ಹೇಳುವಂತಿಲ್ಲ. ಅವಳ ಬಾಯಲ್ಲಿ ಅವನು ಬರೀ ‘ಅತಾ’, ಎಂದರೆ ಅಪ್ಪ. ಸಾಮೂಹಿಕ ಬೇಸಾಯದ ಕಾಲದಲ್ಲಿ ಅವನು ಹೆಜ್ಜೆಗಾರ. ಕಳೆದುಹೋದ ಕುದುರೆಗಳನ್ನು ಹೆಜ್ಜೆ ಹಿಡಿದು ಹುಡುಕಿ ತರುವುದೇ ಅವನ ಕೆಲಸವಾಗಿತ್ತು. ಗೊರಸಿನ ಗುರುತು ನೋಡಿ ಕುದುರೆಗೆ ಯಾವ ಕಣ್ಣು ಕುರುಡೆಂದು ಹೇಳುತ್ತಿದ್ದನಂತೆ. ಎಲ್ಲ ಮನೆಯಲ್ಲೂ ಮಾವಂದಿರ ಬಗ್ಗೆ ಇಂಥ ಕಥೆಗಳಿರುತ್ತವೆಂದು ಜಿಪಾರ್ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದಳು. ಹದಿನಾಲ್ಕು ತಿಂಗಳಲ್ಲಿ ಅವರಿಬ್ಬರ ನಡುವೆ ಹತ್ತು ಮಾತೂ ಆಗಿರಲಿಲ್ಲ.

ಅವನು ಹೇಳಿದಂತೆ ಅವಳು ಸೇತುವೆ ದಾಟಿ, ಸಮಾಧಿಗಳಿದ್ದ ದಿನ್ನೆಯನ್ನು ಹತ್ತಿ, ನಡುಏರಿನಲ್ಲಿ ನಿಲ್ಲಿಸಿದಳು. ಗೇರು ತೆಗೆಯದೆ, ಬ್ರೇಕಿನ ಮೇಲೆ ಕಾಲಿಟ್ಟು ನೂರು ಎಣಿಸಿದಳು. ಮೇಲೆ ತಿರುಗಿಸಿಕೊಂಡು ರಸ್ತೆಯ ಮತ್ತೊಂದು ಮಗ್ಗುಲಲ್ಲಿ ಇಳಿದು ಬಂದಳು. ಮುದುಕ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಚಕ್ರದ ಗುರುತಿನ ಪಕ್ಕದಲ್ಲಿ ನಡೆಯತೊಡಗಿದ. ಅವಳು ಎರಡು ಹೆಜ್ಜೆ ಹಿಂದೆ.

“ಮಟ್ಟದಲ್ಲಿ ಏನೂ ಇಲ್ಲ,” ಎಂದ. ದಿನ್ನೆಯ ಬುಡದಲ್ಲಿ ನಿಂತ. “ನೋಡು, ಇಲ್ಲಿ ಶುರು.” ಹಿಮದಲ್ಲಿ ಸೂಜಿ ಚುಚ್ಚಿದಷ್ಟು ತೂತು, ಅದರ ಸುತ್ತ ಗುಲಾಬಿ ಬಣ್ಣ. ಅವನು ತೋರಿಸದಿದ್ದರೆ ಅವಳು ತುಳಿದುಕೊಂಡು ಹೋಗುತ್ತಿದ್ದಳು. ಇನ್ನೊಂದು. ಮತ್ತೊಂದು. “ಇಲ್ಲಿ ಚಕ್ರ ಜಾರಿದೆ, ನೀನು ಹೆದರಿ ಜೋರಾಗಿ ಒತ್ತಿದೀಯ. ಹನಿ ಹತ್ತಿರ ಹತ್ತಿರ ಬಿದ್ದಿವೆ.”

ಹೌದು, ಅಲ್ಲೇ ಹೆದರಿದ್ದಳು. ಕಾರಿನೊಳಗೆ ಒಬ್ಬಳೇ ಇದ್ದಾಗಿನ ತನ್ನ ಹೆದರಿಕೆಯೂ ಹಿಮದ ಮೇಲೆ ಬಿದ್ದಿತ್ತೇ?

“ಓಡುವಾಗ ಬಿದ್ದ ಹನಿ ಗಾಳಿ ಹೇಳಿದ ಹಾಗೆ ಕೇಳ್ತದೆ, ಅದನ್ನ ನಂಬಬೇಡ. ನಿಂತಾಗ ಬಿದ್ದದ್ದು ಸುಳ್ಳು ಹೇಳಲ್ಲ.” ನೂರು ಎಣಿಸಿದ ಜಾಗದಲ್ಲಿ ಹಿಮ ಕರಗಿ ಹೆಬ್ಬೆರಳಷ್ಟು ಗುಂಡಿ ಬಿದ್ದಿತ್ತು, ತಳದಲ್ಲಿ ಕೆಂಪು. ಅವನು ಮಂಡಿಯೂರಿ ಅಳೆದ. “ಮುಂದಿನ ಎಡಚಕ್ರ ನಿಂತ ಗುರುತಿನಿಂದ ಒಳಕ್ಕೆ ಒಂದು ಗೇಣು, ಹಿಂದಕ್ಕೆ ನಾಲ್ಕು ಬೆರಳು.” ಆಮೇಲೆ ಇಳಿದು ಬಂದ ಗುರುತನ್ನು ಬುಡದವರೆಗೂ ನೋಡಿದ. ಒಂದು ಹನಿಯೂ ಇರಲಿಲ್ಲ.

“ಹೊಟ್ಟೆಯಲ್ಲಿ ಏನೂ ಆಗಿಲ್ಲ ಮಗಳೇ. ಏರು ಎಳೆಯುವಾಗ ಮಾತ್ರ ಬಾಯಿ ಬಿಡೋ ಗಾಯ ಇದು, ಎಡ ಭುಜದ ಹತ್ತಿರ. ಜೀನು ಸರಿಯಾಗಿ ಕೂರದಿದ್ರೆ ಕುದುರೆಗೆ ಆಗ್ತದಲ್ಲ, ಆ ಥರ. ಏನೋ ಏನನ್ನೋ ಉಜ್ತಿದೆ.”

“ಅತಾ, ನಿಮಗೆ ಗಾಡಿ ಕೆಲಸ ಗೊತ್ತಾ?”

“ಆ ಮುಚ್ಚಳ ಎತ್ತೋಕೂ ಬರಲ್ಲ.”

ಜಿಪಾರ್ ಅಲ್ಲೇ ನಿಂತುಬಿಟ್ಟಳು. ಎಂಜಿನ್ ರಬ್ಬರಿನ ದಿಂಡುಗಳ ಮೇಲೆ ಕೂತಿರುತ್ತದೆ, ಏರಿನಲ್ಲಿ ಎಳೆಯುವಾಗ ಹಿಂದಕ್ಕೆ ವಾಲುತ್ತದೆ, ಇಳಿಜಾರಿನಲ್ಲಿ ನೆಟ್ಟಗಾಗುತ್ತದೆ. ಇದು ಅವಳ ವಿದ್ಯೆ. ಅದರ ಹೆಸರೂ ಗೊತ್ತಿಲ್ಲದ ಮುದುಕ ಆರು ಹನಿ ನೋಡಿ ಅಲ್ಲಿಗೇ ಬಂದು ಮುಟ್ಟಿದ್ದ. ಇಂಥ ಮನುಷ್ಯನಿಗೆ ಇಷ್ಟು ದಿನ ಚಹಾ ಕೊಟ್ಟು ತಲೆ ತಗ್ಗಿಸಿಕೊಂಡು ಬಂದುಬಿಡುತ್ತಿದ್ದೆನಲ್ಲ ಎನ್ನಿಸಿತು.

ಮನೆಗೆ ಬಂದು ಜಾಕಿ ಹಾಕಿ ಎತ್ತಿ, ಮರದ ದಿಮ್ಮಿಗಳನ್ನು ಒತ್ತುಕೊಟ್ಟು, ಅಲುಗಾಡಿಸಿ ನೋಡಿದರು. ಎಂಜಿನ್ ಆಫ್. ಎಂಜಿನ್ನಿಗೂ ಚೌಕಟ್ಟಿಗೂ ನಡುವೆ ಒಂದು ಕೋಲು ಸಿಕ್ಕಿಸಿ ಮಾವ ಎಳೆಯಬೇಕು, ಅದು ವಾಲಿದಾಗ ಜಿಪಾರ್ ಕೆಳಗಿನಿಂದ ನೋಡಬೇಕು. ಆಗಲೇ ಸಂಕಟ ಶುರುವಾದದ್ದು. ಕೆಳಗೆ ತೂರಿದರೆ ಕಾಲು ಹೊರಗೆ, ಮಾವನ ಕಡೆಗೇ. ಸೊಸೆ ಮಾವನ ಕಡೆಗೆ ಕಾಲು ಚಾಚುವುದುಂಟೇ? ಬಲಗಡೆಯಿಂದ ನುಗ್ಗಿದಳು, ಕೈ ನಿಲುಕಲಿಲ್ಲ. ಮಂಡಿ ಮಡಚಿಕೊಂಡಳು, ಮಂಡಿ ಸೈಲೆನ್ಸರಿಗೆ ತಾಗಿತು.

“ಏನಮ್ಮಾ, ನಾವು ತಂದ ಸೊಸೆಗೆ ಕಾಲೇ ಇಲ್ವಾ?” ಎಂದ ಮುದುಕ ಮೇಲಿನಿಂದ.

“ನಿಮ್ಮ ಕಡೆಗೆ ಚಾಚಬಾರದು ಅತಾ.”

ಕೋಲು ಕೆಳಗಿಟ್ಟ ಸದ್ದು, ನರಳಿದ ಸದ್ದು. ನೋಡಿದರೆ ಎಪ್ಪತ್ತೆರಡು ವರ್ಷದ ಮುದುಕ ಬೆನ್ನ ಮೇಲೆ ಮಲಗಿ ಅವಳ ಪಕ್ಕಕ್ಕೆ ತೆವಳಿಕೊಂಡು ಬರುತ್ತಿದ್ದ, ಟೋಪಿ ಸಮೇತ. “ಈಗ ಸರಿಹೋಯ್ತು. ಇಬ್ಬರ ಕಾಲೂ ಒಂದೇ ಕಡೆ.”

ಆ ಕಡೆಗೆ ಬುರುಲ್ ಬಂದದ್ದು ಅದೇ ಗಳಿಗೆಯಲ್ಲಿ. ಅವಳ ಕಡೆಗೆ ನಾಲ್ಕು ಕಾಲು ಚಾಚಿಕೊಂಡಿದ್ದವು.

“ಅಯ್ಯೋ ದೇವರೇ! ಮುದಿ ವಯಸ್ಸಲ್ಲಿ ಇದೇನು ಕರ್ಮ!”

“ಬುರುಲ್, ಬೈಯೋದು ಆಮೇಲೆ. ಆ ಕೋಲು ಹಿಡಿದು ನಿನ್ನ ಕಡೆಗೆ ಎಳಿ.”

ಗೊಣಗುತ್ತಲೇ ಎಳೆದಳು. ಎಂಜಿನ್ ಒಂದಷ್ಟು ವಾಲಿತು. ಒಂದು ಗೇಣು ಒಳಗೆ, ನಾಲ್ಕು ಬೆರಳು ಹಿಂದೆ, ಮುದುಕ ಅಳೆದಲ್ಲೇ, ಎಣ್ಣೆ ಹೋಗಿಬರುವ ರಬ್ಬರ್ ಪೈಪು ಒಂದು ತಗಡಿನ ಅಂಚಿಗೆ ಒತ್ತಿ ಬಿಗಿಯಿತು. ಅದರ ಹಿಂಬದಿಯಲ್ಲಿ ಉಗುರಿನಷ್ಟು ಉದ್ದದ ಸೀಳು ಮೆಲ್ಲಗೆ ಬಾಯಿ ಬಿಟ್ಟಿತು. ಒಂದು ಕೆಂಪು ಹನಿ ಮೂಡಿ, ತುಂಬಿ, ಜಿಪಾರಳ ಕೆನ್ನೆಯ ಮೇಲೆ ಬಿತ್ತು. ಬುರುಲ್ ಕೋಲು ಸಡಿಲಿಸಿದಳು, ಬಾಯಿ ಮುಚ್ಚಿಕೊಂಡಿತು, ಗಾಯವೇ ಇಲ್ಲವೆಂಬಂತೆ.

ಮುದುಕನ ಕಣ್ಣು ಪೈಪಿನಿಂದ ಮೇಲಕ್ಕೆ, ಕೊಳವೆ, ತಂತಿ, ಬೋಲ್ಟುಗಳ ಆ ಕಾಡಿನೊಳಗೆ ಹೋಗಿತ್ತು. “ಯಾರೋ ಒಬ್ಬ ಕೂತು ಇದನ್ನೆಲ್ಲ ಯೋಚಿಸಿದಾನೆ, ಅಲ್ವಾ?” ಎಂದ ಪಿಸುದನಿಯಲ್ಲಿ. “ಒಂದೊಂದಕ್ಕೂ ಒಂದೊಂದು ದಾರಿ. ನಾನು ಇಷ್ಟು ವರ್ಷ ಇದರ ಬೆನ್ನ ಮೇಲೆ ಕೂತೆ, ಹೊಟ್ಟೆ ನೋಡಲೇ ಇಲ್ಲವಲ್ಲ ಮಗಳೇ.”

ಹಿಂದೆ ಯಾರೋ ಪೈಪು ಬದಲಿಸಿದವನು ಬೇಕಾದ್ದಕ್ಕಿಂತ ಉದ್ದದ್ದನ್ನು ಹಾಕಿದ್ದ. ಆ ಹೆಚ್ಚಿನ ಉದ್ದವೇ ಜೋತು ತಗಡಿಗೆ ಉಜ್ಜುತ್ತಿತ್ತು. ಸೀಳು ತುದಿಯ ಹತ್ತಿರವೇ ಇದ್ದದ್ದು ಪುಣ್ಯ. ಜಿಪಾರ್ ಸೀಳಿನ ಸಮೇತ ನಾಲ್ಕು ಬೆರಳು ಕತ್ತರಿಸಿ, ಒಳ್ಳೆಯ ರಬ್ಬರನ್ನು ಕೊಳವೆಗೆ ಏರಿಸಿ ಕ್ಲಿಪ್ ಬಿಗಿದಳು. ಪೈಪಿಗೆ ಬಟ್ಟೆ ಸುತ್ತಲು ಹೋದಾಗ ಮಾವ ತಡೆದ. “ಗಾಯಕ್ಕೆ ಬಟ್ಟೆ ಕಟ್ಟಿ ಏನು ಬಂತು? ಜೀನಿನಡಿ ಕಂಬಳಿ ಹಾಕು.” ತಾನೇ ಜೀನಿನ ಹಳೆಯ ಕಂಬಳಿಯ ತುಂಡೊಂದನ್ನು ತಂದು ತಗಡಿನ ಅಂಚಿಗೆ ತೊಗಲಿನ ದಾರದಿಂದ ಹೊಲಿದ. ನಾರಿನ್ ಪಟ್ಟಣಕ್ಕೆ ಹೋಗಿಬರುವ ವ್ಯಾನಿನವನ ಕೈಲಿ ತರಿಸಿದ್ದ ಕೆಂಪೆಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಸುರಿದು, ಎಂಜಿನ್ ಬಿಸಿ ಮಾಡಿ, ಅಳತೆ ಕಡ್ಡಿ ಒರೆಸಿ ಅದ್ದಿ, ಗೆರೆಗೆ ಗೆರೆ ಕೂಡಿಸಿದಳು.

ಶುಕ್ರವಾರ ಮತ್ತೆ ಹಿಮ ಬಿದ್ದಿತ್ತು. ಮತ್ತೆ ಅದೇ ದಿನ್ನೆ, ಅದೇ ನೂರು ಎಣಿಕೆ. ಮುದುಕ ಬುಡದಿಂದ ತುದಿಯವರೆಗೆ ನಡೆದು ಹಿಂದಿರುಗಿದ. “ಬರೀ ಬಿಳಿ,” ಎಂದ.

ಶನಿವಾರ ದಾರಿಯುದ್ದಕ್ಕೂ ಬುರುಲಳದ್ದು ಒಂದೇ ರಾಗ: “ಆ ಉಗುರು ನೋಡು! ಆ ಕರಿ ಕೈ ಇಟ್ಕೊಂಡು ತವರಿಗೆ ಹೋಗ್ತೀಯಲ್ಲ, ನಾವು ಗೊಬ್ಬರ ಹೊರಿಸ್ತೀವಿ ಅಂದ್ಕೊಳ್ಳಲ್ವಾ ನಿಮ್ಮವರು?” ಜಿಪಾರ್ ಸೋಪು, ಮರಳು, ಹುಳಿ ಮೊಸರು ಎಲ್ಲ ಹಾಕಿ ಉಜ್ಜಿದ್ದಳು, ಹೋಗಿರಲಿಲ್ಲ. ಗಾಡಿ ಎರಡು ಘಾಟಿಯನ್ನೂ ಉಸಿರು ಕಟ್ಟದೆ ಹತ್ತಿತು.

ತವರಿನ ಅಂಗಳದಲ್ಲಿ ಓರೊಜ್ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಿದ್ದ, ಅರ್ಧಕ್ಕರ್ಧ ಇಳಿದುಹೋಗಿದ್ದ. ಜಿಪಾರ್ ಬಾಗಿ ವಂದಿಸಿ ಅಪ್ಪಾ ಎನ್ನುವಷ್ಟರಲ್ಲಿ ಅವನು ಎದ್ದು, ಕಾಲೆಳೆಯುತ್ತಾ ಅವಳನ್ನು ದಾಟಿ, ಬೀಗ ಹಾಕದ ರಿಪೇರಿ ಶೆಡ್ಡಿನೊಳಗೆ ಹೋದ. ಎಡಗೈಯಲ್ಲಿ ಒಂದು ರಟ್ಟು ಹಿಡಿದು ಬಂದು, ಬಗ್ಗಲಾರದೆ ಬಗ್ಗಿ ನೆಲಕ್ಕಿಟ್ಟು, ಕಾಲಿನಿಂದ ಅದನ್ನು ಗಾಡಿಯಡಿ ತಳ್ಳಿದ. “ವಸಂತದಿಂದ ಆ ಬಾಗಿಲ ಕಡೆ ಸುಳಿದಿರಲಿಲ್ಲ ಕಣೇ,” ಎಂದು ಅಮ್ಮ ಅಳತೊಡಗಿದಳು.

ಮರುದಿನ ಬೆಳಗ್ಗೆ ಎಲ್ಲರೂ ಚಹಾಕ್ಕೆ ಕೂತಿದ್ದಾಗ ಓರೊಜ್ ಆ ರಟ್ಟನ್ನು ಒಳಗೆ ತಂದ. ಕರಗಿದ ಹಿಮದ ಒಂದು ಕೊಳಕು ವೃತ್ತ ಬಿಟ್ಟರೆ ಅದರ ಮೇಲೆ ಏನೂ ಇರಲಿಲ್ಲ. ಅದನ್ನು ಇಸಾಕುನನಿಗೆ ತೋರಿಸಿದ. ಇಸಾಕುನ್ ತಲೆಯಾಡಿಸಿ, ಗಲ್ಲವೆತ್ತಿ ಸೊಸೆಯ ಕಡೆ ತೋರಿದ.

ಓರೊಜ್ ಮಗಳ ಪಕ್ಕ ಕೂತ. ಅವಳ ಬಲಗೈಯನ್ನು ತನ್ನ ಎಡಗೈಯಲ್ಲಿ ಹಿಡಿದು ತಿರುಗಿಸಿ, ಉಗುರುಗಳಡಿಯ ಕರಿ ಗೆರೆಗಳನ್ನು ಒಂದೊಂದಾಗಿ ನೋಡಿದ. ಬಾಯಿಂದ ಏನೋ ಸದ್ದು ಬಂತು, ಮಾತಾಗಲಿಲ್ಲ. ಆಗ ಆ ಕೈಯನ್ನೆತ್ತಿ, ನೆಲದಿಂದೆತ್ತಿದ ರೊಟ್ಟಿಯನ್ನು ಮುಟ್ಟಿಸಿಕೊಳ್ಳುವಂತೆ, ತನ್ನ ಹಣೆಗೆ ಮುಟ್ಟಿಸಿಕೊಂಡ.

ಬುರುಲ್ ಮುಖ ಆಚೆ ತಿರುಗಿಸಿ ಚಹಾ ಬಗ್ಗಿಸಿದಳು. ಉಗುರಿನ ಮಾತನ್ನು ಅವಳು ಮತ್ತೆಂದೂ ಎತ್ತಲಿಲ್ಲ.