ಉಡಿಯೊಳಗಿನ ಬಳೆ

ಫ್ಯಾನು ತಿರುಗುತ್ತಿದೆಯೋ ನರಳುತ್ತಿದೆಯೋ, ಮೂರು ಸುತ್ತಿಗೊಮ್ಮೆ ಟಕ್ ಎನ್ನುತ್ತದೆ, ಒಂಬತ್ತನೆಯ ವಿಷಯ ಚರಂಡಿ, ಅದು ಮುಗಿದರೆ ಹತ್ತನೆಯದು, ಇಸ್ಪೀಟ್ ಕ್ಲಬ್ಬಿನ ಪರವಾನಗಿ, ಅಷ್ಟರೊಳಗೆ ಅನ್ನಪೂರ್ಣಾ ಒಂದು ಗುಟುಕು ನೀರು ಕುಡಿಯಬೇಕು, ನಗರಸಭೆಗೆ ಆರಿಸಿ ಬಂದು ಎರಡು ವರ್ಷವಾದರೂ ಈ ಕುರ್ಚಿಯಲ್ಲಿ ಬೀಗರ ಮನೆಗೆ ಬಂದವಳ ಹಾಗೆ ಮುದುಡಿ ಕೂರುವುದು ತಪ್ಪಿಲ್ಲ — ಕ್ಲಬ್ಬು ಮುಚ್ಚಿಸ್ತೇನಿ ಎಂದು ಓಟು ಕೇಳಿದವಳು ಅವಳೇ ಅಲ್ಲವೇ, ಮನೆಮನೆಗೆ ಜೊತೆಯಲ್ಲಿ ಬಂದವಳು ಪಕ್ಕದ ಮನೆಯ ಕೆಂಚವ್ವ, ಆಕೆಯ ಗಂಡ ಕಾಗದದ ಮಿಲ್ಲಿನ ಪಾಳಿ ಮುಗಿಸಿದವನು ನೆಟ್ಟಗೆ ಕ್ಲಬ್ಬಿಗೆ, ಒಂದು ದಿನ ಅವಳ ತಾಳಿಯನ್ನೇ ಇಟ್ಟು ಆಡಿದ, ಈಗ ಕೊರಳಲ್ಲಿ ಬರೀ ಅರಿಷಿಣದ ದಾರ, ಆದರೂ ನಗುತ್ತಲೇ ಹೇಳಿದ್ದಳು, ಅಕ್ಕಾರ, ಭಾಷಣಾ ಏನೂ ಮಾಡಬ್ಯಾಡ್ರಿ, ಅವರ ಪರ ಕೈ ಎತ್ತಬ್ಯಾಡ್ರಿ, ಅಷ್ಟ ಸಾಕು. ಕೈ. ಇದೇ ಕೈ ಹೋದ ಶುಕ್ರವಾರ ಸೆರಗು ಚಾಚಿತ್ತು, ಕ್ಲಬ್ಬಿನ ಮಾಲೀಕ ಸಂಜೀವಕುಮಾರನ ಹೆಂಡತಿ ರಾಜಶ್ರೀ ಫೋನು ಮಾಡಿದ್ದಳು, ಉಡಿ ತುಂಬೋದೈತ್ರಿ, ಬರ್ರಿ ಅಕ್ಕಾರ, ಹೋಗಬಾರದಿತ್ತು, ಆದರೆ ಉಡಿ ತುಂಬಲು ಕರೆದರೆ ಒಲ್ಲೆ ಎನ್ನುವ ಹೆಂಗಸು ಹಳಿಯಾಳದಿಂದ ಮುಂಡಗೋಡದ ತನಕ ಹುಡುಕಿದರೂ ಸಿಗಲಿಕ್ಕಿಲ್ಲ, ಮಣೆಯ ಮೇಲೆ ಕುಳಿತಳು, ಅಕ್ಕಿ ಬಿತ್ತು, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಐದು ಬೊಗಸೆ, ಐದನೆಯದನ್ನು ರಾಜಶ್ರೀ ಅವಸರದಲ್ಲಿ ಸುರಿದಳೇ, ಆಗ ಲಕ್ಷ್ಯಕ್ಕೆ ಬರಲಿಲ್ಲ, ಕೊಟ್ಟವರ ಮನೆಯಲ್ಲೇ ಉಡಿ ಬಿಚ್ಚಿ ನೋಡುವುದುಂಟೇ, ಗಂಟು ಕಟ್ಟಿಕೊಂಡು ಬಂದು ತನ್ನ ಮನೆಯ ದೇವರ ಮುಂದೆ ಸುರಿದರೆ — ಅಕ್ಕಿಯ ನಡುವೆ ಹಳದಿ ಹೊಳಪು, ಎರಡು ಬಂಗಾರದ ಬಳೆ.

ಮೆಚ್ಚಬೇಕು ಸಂಜೀವಕುಮಾರನ ಬುದ್ಧಿಯನ್ನು, ಆಚೆ ಸಾಲಿನ ಸದಸ್ಯ ಬಸಲಿಂಗಯ್ಯನವರಿಗೆ ಕೈಗಡಿಯಾರ, ಇನ್ನೊಬ್ಬರಿಗೆ ಗೋಡೆಯಗಲದ ಟಿವಿ, ಅವರೆಲ್ಲ ಬೇಡ ಎನ್ನಬಹುದಿತ್ತು, ಎನ್ನಲಿಲ್ಲ, ಇವಳಿಗೆ ಮಾತ್ರ ಬೇಡ ಎನ್ನಲಾಗದ ದಾರಿಯನ್ನೇ ಹುಡುಕಿದ, ಮರುದಿನ ಅವನದೇ ಫೋನು, ಬಳಿ ಸರಿ ಆದ್ವೋ ಇಲ್ಲೋ ರೀ ಅಕ್ಕಾರ, ಸೋಮವಾರ ಒಂದ ಸಲ ಕೈ ಎತ್ತಿಬಿಡ್ರಿ, ಆಯ್ತು. ಅವಳಿಗೆ ಮೈಯೆಲ್ಲ ಉರಿಯಿತು, ಈಗಿಂದೀಗ ಹೋಗಿ ಅವನ ಮುಖಕ್ಕೆ ಒಗೆಯಬೇಕು, ಆದರೆ ಉಡಿಗೆ ಬಂದದ್ದನ್ನು ತಿರುಗಿ ಕೊಡಬಾರದು, ತೀರಿಹೋದ ಅವ್ವನ ದನಿ ಅಡಿಗೆಮನೆಯ ಬಾಗಿಲಲ್ಲೇ ನಿಂತಂತೆ, ಹಂಗ ತಿರುಗಿ ಕೊಟ್ಟರ ತುಂಬಿದಾಕಿಗೆ ಕೇಡವ್ವಾ — ರಾಜಶ್ರೀಗೆ ಯಾಕೆ ಕೇಡು, ಅವಳೇನು ಮಾಡಿದಳು. ಮೂರು ದಿನ ಬಳೆಗಳು ಅಕ್ಕಿ ಡಬ್ಬಿಯಲ್ಲೇ ಇದ್ದವು, ಅನ್ನಕ್ಕಿಡಲು ಪಾವು ಅದ್ದಿದಾಗಲೆಲ್ಲ ಹಳದಿ ಹೊಳಪು, ಒಮ್ಮೆ, ಹೌದು, ಒಮ್ಮೆ ಆಸೆಯಿಂದಲೇ ಹಾಕಿ ನೋಡಿದಳು, ಸುಳ್ಳೇಕೆ, ಬೆರಳ ಗೆಣ್ಣು ದಾಟಲಿಲ್ಲ, ತೆಗೆದು ನೋಡಿದರೆ ಒಳಗೆಲ್ಲ ಸವೆದಿದೆ, ಒಂದಕ್ಕೆ ಕೆಂಪು ದಾರ ಸುತ್ತಿದೆ, ಹೊಸ ಬಳೆಗೆ ಯಾರು ದಾರ ಸುತ್ತುತ್ತಾರೆ, ಆಗ ನೆನಪಾಯಿತು, ಐದನೆಯ ಬೊಗಸೆ, ರಾಜಶ್ರೀಯ ಮುಂಗೈ, ಬರೀ ಗಾಜಿನ ಬಳೆ, ಅವುಗಳ ನಡುವೆ ಬಿಸಿಲು ಕಾಣದ ಬಿಳಿ ಗೆರೆ — ಲಂಚಕ್ಕೆ ಸಾಕ್ಷಿಯಾಗಿ ಅಂಗಡಿಯ ಚೀಟಿ ಇರಬಾರದು ಎಂದು ಹೆಂಡತಿಯ ಕೈಯಿಂದಲೇ ಬಿಚ್ಚಿಸಿದ್ದಾನೆ ಪುಣ್ಯಾತ್ಮ! ಅಲ್ಲೇ, ಅಕ್ಕಿ ಡಬ್ಬಿಯ ಮುಂದೆ, ಅವಳಿಗೆ ನಗು ಬಂತು, ತಿರುಗಿ ಕೊಡಬಾರದು, ಸರಿ, ನಾನೂ ಅವಳ ಉಡಿ ತುಂಬಬಾರದು ಎಂದು ಯಾರು ಹೇಳಿದ್ದಾರೆ.

ಇವತ್ತು ಬೆಳಿಗ್ಗೆ ರಾಜಶ್ರೀ ಬಂದಳು, ಅವಳಾದರೂ ಒಲ್ಲೆ ಎನ್ನುವುದು ಹೇಗೆ, ಕೆಂಚವ್ವ ಕುಂಕುಮದ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಳು, ಅನ್ನಪೂರ್ಣಾ ಮುಚ್ಚಿಡಲಿಲ್ಲ, ಐದನೆಯ ಬೊಗಸೆಯಲ್ಲಿ ಅಕ್ಕಿಯ ಮೇಲೆಯೇ ಬಳೆ ಇಟ್ಟು ಸುರಿದಳು, ರಾಜಶ್ರೀ ಚಾಚಿದ ಸೆರಗನ್ನು ಹಿಂದಕ್ಕೆಳೆಯಲಿಲ್ಲ, ಬಳೆಯ ಕೆಂಪು ದಾರ ಮುಟ್ಟಿ ನೋಡಿದಳು, ಇವು ನಮ್ಮ ತವರಿನವು ರೀ, ನನ್ನ ಒಂದು ಮಾತ ಕೇಳಲಿಲ್ಲ ಅವರು, ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, ಆ ಕ್ಲಬ್ಬು ಸುರು ಆದಾಗಿಂದ ಅವರು ಮನ್ಯಾಗ ಕೂತು ಉಂಡಿಲ್ರಿ ಅಕ್ಕಾರ, ನೀವು ಕೈ ಎತ್ತಬ್ಯಾಡ್ರಿ — ಟಕ್, ಹತ್ತನೆಯ ವಿಷಯ, ಅಧ್ಯಕ್ಷರು ತಲೆ ಎತ್ತದೆ ಓದುತ್ತಾರೆ, ಒಪ್ಪಿಗೆ ಇದ್ದವರು ಕೈ ಎತ್ತಿರಿ, ಎಷ್ಟೊಂದು ಕೈಗಳು, ಅವಳದು ಮಡಿಲಲ್ಲೇ ಇದೆ, ವಿರೋಧ ಇದ್ದವರು ಯಾರಾದರೂ, ಅವಳ ಕೈ ಮೇಲಕ್ಕೆ ಹೋಗುತ್ತದೆ, ಗಾಜಿನ ಬಳೆಗಳು ಗಲ್ ಎಂದು ಮೊಣಕೈಯ ಕಡೆ ಜಾರುತ್ತವೆ, ಎಲ್ಲರೂ ತಿರುಗಿ ನೋಡುತ್ತಾರೆ, ಒಂದೇ ಕೈ, ಭಯವಾಗುತ್ತಿದೆ, ಆದರೂ ಎಷ್ಟು ಹಗುರ, ಆಚೆ ಸಾಲಿನಲ್ಲಿ ಒಪ್ಪಿಗೆಗೂ ಕೈ ಎತ್ತದೆ ಕೂತಿದ್ದ ಬಸಲಿಂಗಯ್ಯನವರು ಗಡಿಯಾರದ ಪಟ್ಟಿ ಬಿಚ್ಚುತ್ತಿದ್ದಾರೆ, ಬಿಚ್ಚಿ ಮೇಜಿನ ಮೇಲಿಟ್ಟರು, ಬರಿಗೈ ಮೆಲ್ಲಗೆ ಏಳುತ್ತಿದೆ, ಎರಡು, ಅವರ ಹಿಂದೆ ಇನ್ನೊಂದು ಕುರ್ಚಿ ಕಿರ್ ಎಂದಿತು, ಯಾರೋ ಎಣಿಸುತ್ತಿದ್ದಾರೆ, ಅವಳಿಗೆ ಕೇಳಿಸುತ್ತಿಲ್ಲ, ಕಣ್ಣ ಮುಂದೆ ರಾಜಶ್ರೀ ಚಾಚಿದ ಸೆರಗು, ಸೆರಗಿನ ತುಂಬ ಅಕ್ಕಿ, ಅಕ್ಕಿಯ ಮೇಲೆ ಕೆಂಪು ದಾರ ಸುತ್ತಿದ ಬಳೆ, ಅದರೊಳಗೆ ತೂರುತ್ತಿರುವ ರಾಜಶ್ರೀಯ ಬೆರಳು.