ನೆಲ ಮುಟ್ಟದ ಚಕ್ರ

ಹದಿನೈದು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದವಳಿಗೆ ಸುಮ್ಮನೆ ಕೂರುವುದನ್ನು ಕಲಿಸಲು ಯೂನಿವರ್ಸಿಟಿಯಲ್ಲಿ ಎರಡು ವರ್ಷದ ಕೋರ್ಸು! ಮೊದಲ ದಿನವೇ ನನ್ನ ಮೈ ಉರಿದಿತ್ತು. ಚಿತ್ರ ಬರೆಸಿ ಮನಸ್ಸಿನ ಗಾಯ ಮಾಯಿಸುವ ಚಿಕಿತ್ಸೆ ಕಲಿಯೋಣವೆಂದು ಇದ್ದ ಕೆಲಸ ಬಿಟ್ಟು ಬಂದರೆ, ನನಗಿಂತ ಎಂಟು ವರ್ಷ ಚಿಕ್ಕವಳಾದ ಪ್ರೊಫೆಸರ್ ದಿನಾ ಅದೇ ರಾಗ ಹಾಡುತ್ತಿದ್ದಳು.

"ಪೇಷಂಟ್ ಬರೆದ ಹಾಳೇನ ಮುಟ್ಟಬಾರದು. ಚೆನ್ನಾಗಿದೆ ಅನ್ನಬಾರದು, ಚೆನ್ನಾಗಿಲ್ಲ ಅಂತಲೂ ಅನ್ನಬಾರದು. ಟೀಚರಮ್ಮ, ನಿಮಗೇ ಹೇಳ್ತಿರೋದು."

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಮ್ಯಾಮ್," ಎಂದು ಕ್ಲಾಸಿನ ಹುಡುಗಿಯರು ಕಿಸಕ್ಕೆಂದರು. ಟೀಚರಮ್ಮ ಅಂತ ಹೆಸರಿಟ್ಟಿದ್ದೂ ಅವರೇ. ನನ್ನ ಮೊದಲ ವರದಿಯ ಕೆಳಗೆ ಪ್ರೊಫೆಸರ್ "ಇವರ ಕೈ ಸುಮ್ಮನಿರದು" ಎಂದು ಷರಾ ಬರೆದಳು. ನಿನ್ನೆ ಮೊನ್ನೆ ಕಣ್ಣು ಬಿಟ್ಟವಳು ನನ್ನ ಕೈಗೆ ಷರಾ ಬರೆಯುತ್ತಾಳೆ!

ತರಬೇತಿಗೆಂದು ನನ್ನನ್ನು ಒಂದು ಆಸ್ಪತ್ರೆಗೆ ಹಾಕಿದರು. ಪ್ರತಿ ಮಂಗಳವಾರ ಹತ್ತು ಗಂಟೆಗೆ ಒಬ್ಬ ಬಸ್ ಡ್ರೈವರ್ ಬರುತ್ತಿದ್ದರು. ತಿರುವಿನಲ್ಲಿ ಬಸ್ಸು ಮಗುಚಿ, ಇಪ್ಪತ್ತು ವರ್ಷ ಅವರ ಜೊತೆಗಿದ್ದ ಕಂಡಕ್ಟರ್ ಸತ್ತಿದ್ದ.

"ಆ ದಿನದ ಬಗ್ಗೆ ತುಟಿ ಪಿಟಕ್ಕೆನ್ನಲ್ಲ ಮೇಡಂ. ನಿದ್ದೆ ಇಲ್ಲ, ಊಟ ಇಲ್ಲ. ಹೀಗೇ ಆದ್ರೆ ನಮ್ಮ ಕೈ ತಪ್ಪಿ ಹೋಗ್ತಾರೆ," ಎಂದು ಅವರ ಹೆಂಡತಿ ಬಾಗಿಲಲ್ಲೇ ಕಣ್ಣೊರೆಸಿಕೊಂಡಿದ್ದರು.

ಐದು ವಾರ ಡ್ರೈವರಣ್ಣ ಬರೆದದ್ದು ನಿಂತ ಬಸ್ಸನ್ನೇ. ಡಿಪೋದಲ್ಲಿ, ಸ್ಟ್ಯಾಂಡಿನಲ್ಲಿ, ಒಳಗೆ ಒಂದು ನರಪಿಳ್ಳೆಯೂ ಇಲ್ಲದ ಬಸ್ಸು. ನಾನು ಬಾಯಿಗೆ ಬೀಗ ಹಾಕಿ ಕೂತಿದ್ದೆ. ಆರನೇ ವಾರ ಪೆನ್ಸಿಲ್ ಒತ್ತಿ ಒತ್ತಿ ಬಸ್ಸು ಬರೆದರು, ರಸ್ತೆ ಬರೆದರು, ಕಿಟಕಿಯಲ್ಲಿ ಒಂದು ತಲೆ ಬರೆದರು. ಆಮೇಲೆ ಬೆವರಿದ ಮುಖ ತೊಳೆಯಲು ಎದ್ದು ಹೋದರು.

ಹಾಳೆ ನನ್ನ ಮುಂದೆಯೇ ಇತ್ತು. ಹಿಂದಿನ ಚಕ್ರ ರಸ್ತೆಯಿಂದ ಒಂದು ಬೆರಳು ಮೇಲೆ. ಐದನೇ ಕ್ಲಾಸಿನ ಮಕ್ಕಳು ಮಾಡುವ ತಪ್ಪು, ಸಾವಿರ ಸಲ ತಿದ್ದಿದ್ದೇನೆ. ಕೈ ಯಾವಾಗ ಮುಂದೆ ಹೋಯಿತೋ ದೇವರಿಗೇ ಗೊತ್ತು. ರಬ್ಬರಿನಿಂದ ಎರಡು ಸಲ ಉಜ್ಜಿ, ಮತ್ತೆ ಎರಡು ಗೀಟು ಎಳೆದು, ಚಕ್ರವನ್ನು ನೆಲದ ಮೇಲೆ ಕೂರಿಸಿಬಿಟ್ಟಿದ್ದೆ.

ಅವರು ಬಂದು ನೋಡಿದರು. ಬಹಳ ಹೊತ್ತು ನೋಡಿದರು.

"ಚಕ್ರ ಮೇಲೆದ್ದಿತ್ತು ಮೇಡಂ," ಎಂದರು. ಆ ದಿನದ ಬಗ್ಗೆ ಅವರಾಡಿದ ಮೊದಲ ಮಾತು ಅದು. "ಹೀಗೆ ನೆಲದ ಮೇಲೇ ಇದ್ದಿದ್ರೆ ಅವನು ಯಾಕೆ ಸಾಯ್ತಿದ್ದ?"

ಅವರು ಪೆನ್ಸಿಲ್ಲನ್ನು ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ ಹೊರಟುಹೋದರು.

ನಡೆದದ್ದನ್ನು ಪ್ರೊಫೆಸರ್‌ಗೆ ಹೇಳಿದೆ. "ನಾನು ಹೇಳಿರಲಿಲ್ವಾ" ಅಂದಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಅವಳು ಹಾಗನ್ನಲಿಲ್ಲ. ಮೈ ಪರಚಿಕೊಳ್ಳುವ ಹಾಗಾಯಿತು.

"ಮುಂದಿನ ಮಂಗಳವಾರ ಅವರು ಬರಲಿ, ಬಿಡಲಿ, ಗಂಟೆ ಮುಗಿಯೋ ತನಕ ರೂಮಲ್ಲೇ ಕೂತಿರಿ. ಅದು ಅವರ ಹೊತ್ತು," ಎಂದಳು.

ಕೂತೆ. ಎದುರಿಗೆ ಖಾಲಿ ಕುರ್ಚಿ, ಖಾಲಿ ಹಾಳೆ. ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದೆ. ಥೂ, ಇವೂ ಕೈಗಳೇ! ಇಷ್ಟು ದಿನ ಪ್ರೊಫೆಸರ್ ಮೇಲೆ ಹರಿಹಾಯ್ದೆನಲ್ಲ, ಅವಳು ಬರೆದ ಷರಾದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಗೊತ್ತಿದ್ದೇ ಅಷ್ಟು ಸಿಟ್ಟು ಬಂದಿತ್ತೇನೋ.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಬಾಗಿಲು ತೆರೆಯಿತು. ಡ್ರೈವರಣ್ಣನ ಹೆಂಡತಿ, ಒಬ್ಬರೇ.

"ಅವರು ಇನ್ಮೇಲೆ ಬರಲ್ವಂತೆ ಮೇಡಂ. ಮತ್ತೆ ಗೋಡೆ ನೋಡ್ಕೊಂಡು ಕೂತಿದಾರೆ. ಯಾಕ್ರೀ ಅಂತ ಕೇಳಿದ್ರೆ, ನನಗೆ ಬಸ್ಸು ಸರಿಯಾಗಿ ಬರೆಯೋಕೆ ಬರಲ್ಲ ಅಂದ್ರು."

"ಸರಿಯಾಗೇ ಬರೆದಿದ್ರಮ್ಮಾ," ಎಂದೆ. "ಕೆಡಿಸಿದ್ದು ನಾನು ಅಂತ ಹೇಳಿ."

"ಹಾಗಂದ್ರೆ ಬರ್ತಾರಾ?" ಎಂದು ಕೇಳಿದರು.

"ಗೊತ್ತಿಲ್ಲಮ್ಮಾ," ಎಂದು, ಗಂಟೆ ಮುಗಿಯುವ ತನಕ ಕೈಗಳನ್ನು ಮತ್ತೆ ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತೆ.