ಮೂರು ಕೂಗಿನ ಕರಾರು

ಬಂಟ್ವಾಳದ ಹತ್ತಿರ, ನೇತ್ರಾವತಿ ಹೊಳೆಯ ನಡುಗಡ್ಡೆಯಾದ ನಮ್ಮ ಕುದ್ರುವಿನಲ್ಲಿ ಮೊದಲು ಐದು ಮನೆಗಳಿದ್ದವು. ಪ್ರತಿ ದೊಡ್ಡ ನೆರೆಗೂ ಒಂದೊಂದು ಸಂಸಾರ ಗಂಟುಮೂಟೆ ಕಟ್ಟಿತು. ನನ್ನ ಗಂಡ ಹಸೈನಾರ್ ತೀರಿಕೊಂಡ ಮೇಲೆ, ತೊಂಬತ್ತೇಳರ ಮಳೆಗಾಲಕ್ಕೆ ಉಳಿದದ್ದು ನಾನೊಬ್ಬಳೇ. ನೆರೆ ಬಿಟ್ಟುಹೋಗುವ ಮೆಕ್ಕಲಿನಲ್ಲಿ ನನ್ನ ಸೌತೆ ಬೆಳೆಯುವ ಹಾಗೆ ಗುಡ್ಡದ ಮೇಲೆ ಯಾರ ಸೌತೆಯೂ ಬೆಳೆಯುವುದಿಲ್ಲ. ಬಿಟ್ಟುಹೋಗಲು ನನಗೇನು ಹುಚ್ಚೇ?

ಆಚೆ ದಡದಲ್ಲಿ ಪದ್ಮಯ್ಯಣ್ಣನ ಮನೆ. ಜೈನರು, ಕತ್ತಲಾದ ಮೇಲೆ ಅನ್ನ ಮುಟ್ಟುವವರಲ್ಲ. ಮಳೆಗಾಲದ ಪ್ರತಿ ಸಂಜೆ ಊಟಕ್ಕೆ ಕೂರುವ ಮೊದಲು ಹೊಳೆಬದಿಗೆ ಬಂದು ಒಂದು ಕೂ ಹಾಕುತ್ತಿದ್ದರು. ನಾನು ತಿರುಗಿ ಕೂ ಹಾಕಿದರೆ ಕ್ಷೇಮ ಎಂದರ್ಥ. ಮೂರು ಸಲ ಕೂಗಿದರೂ ಉತ್ತರವಿಲ್ಲದಿದ್ದರೆ ದೋಣಿ ಹಾಕಬೇಕು. ಅವರ ತಂದೆಯ ಕಾಲದಿಂದ ಬಂದ ಕರಾರು ಅದು. ಎಷ್ಟೋ ದಿನ ನನ್ನ ಕಿವಿಗೆ ಬೀಳುತ್ತಿದ್ದ ಮನುಷ್ಯಸ್ವರ ಅದೊಂದೇ.

ಜಡಿಮಳೆಯ ಆಟಿ ತಿಂಗಳಲ್ಲಿ ಒಂದು ಬೆಳಿಗ್ಗೆ ಉಪ್ಪು, ಸೀಮೆಎಣ್ಣೆ ತಂದುಕೊಟ್ಟ ಪದ್ಮಯ್ಯಣ್ಣ ಹೇಳಿದರು:

"ಸಾಕು ಮಾರಾಯ್ತಿ ಜುಲೈಕಾ. ವಾಮದಪದವಿನಲ್ಲಿ ನಿನ್ನ ತಂಗಿಯ ಮನೆ ಉಂಟಲ್ಲ, ಅಲ್ಲಿಗೆ ಹೋಗು. ನನಗೂ ಪ್ರಾಯ ಆಯ್ತು. ಇನ್ನೆಷ್ಟು ವರ್ಷ ಕೂಗುವುದು ನಾನು?"

ಮೈಯೆಲ್ಲ ಉರಿಯಿತು. ಇವರಿಗೂ ನಾನು ಭಾರವಾದೆನೇ?

ಆ ಸಂಜೆ ಹೊಳೆ ಅಂಗಳದ ಅಂಚಿಗೆ ಬಂದಿತ್ತು. ಕೂ ಕೇಳಿಸಿತು. ಬೇಕೆಂದೇ ಸುಮ್ಮನೆ ಕುಳಿತೆ. ಎರಡನೆಯದು ಬಂತು, ಮೂರನೆಯದೂ ಬಂತು. ಕೂಗಲಿ, ಗಂಟಲು ಹರಿಯಲಿ ಎಂದುಕೊಂಡು ಗಂಜಿ ಬಡಿಸಿಕೊಂಡೆ.

ಉಂಡು ಮುಗಿದಿರಲಿಲ್ಲ, ಹುಟ್ಟು ಊರಿಕೊಂಡು ಅವರು ಅಂಗಳದಲ್ಲಿ ನಿಂತಿದ್ದರು. ತುಂಬಿದ ಹೊಳೆ ದಾಟಿ ಬಂದ ಎಪ್ಪತ್ತರ ಮುದುಕ. ಹೊರಗೆ ಆಗಲೇ ಕತ್ತಲು. ಇನ್ನು ಅವರಿಗೆ ಆ ದಿನದ ಊಟವಿಲ್ಲ. ನನ್ನ ಗಂಜಿಯ ಬಟ್ಟಲನ್ನು ನೋಡಿದರು.

"ಕೇಳಲಿಲ್ವಾ?"

ಸುಳ್ಳು ಹೇಳಬಹುದಿತ್ತು. "ಕೇಳಿತು" ಎಂದೆ.

ಅವರು ಹುಟ್ಟು ಎತ್ತಿಕೊಂಡು ದೋಣಿಯತ್ತ ನಡೆದರು. ನನಗೆ ನಾಚಿಕೆಯಾಯಿತು. ತಪ್ಪಾಯಿತು ಎನ್ನಲು ಮಾತ್ರ ಬಾಯಿ ಬರಲಿಲ್ಲ.

ಮರುದಿನ ಸಂಜೆ ಕೂ ಬರಲಿಲ್ಲ. ನಾನೇ ನೀರಿನಂಚಿಗೆ ಹೋಗಿ ಕೂಗಿದೆ. ಪದ್ಮಯ್ಯಣ್ಣ ಜಗಲಿಯಲ್ಲಿ ಕುಳಿತಿದ್ದುದು ಕಾಣುತ್ತಿತ್ತು. ಮತ್ತೊಮ್ಮೆ ಕೂಗಿದೆ. ಮೂರನೆಯ ಕೂಗಿಗೆ ಅವರು ಎದ್ದರು, ಊಟಕ್ಕೆ ಒಳಗೆ ಹೋದರು.

ಮೂರು ಕೂಗಿಗೆ ಉತ್ತರವಿಲ್ಲದಿದ್ದರೆ ದೋಣಿ ಹಾಕಬೇಕು. ಈ ಸಲ ಹಾಕಬೇಕಾದವಳು ನಾನು. ಇದ್ದ ಒಂದೇ ದೋಣಿ ಆ ದಡದಲ್ಲಿತ್ತು.